ರುಚಿ ಕೇಳದೆ ಕುಡಿದವರು

ಬೆಂಗಳೂರಿನ ಒಂದು ಬ್ರೂಪಬ್ಬಿನಲ್ಲಿ ಗೆಳೆಯನೊಬ್ಬ ನನ್ನ ಮುಂದೆ ಗ್ಲಾಸೊಂದನ್ನು ಸರಿಸಿದ. ಕಾಲಿರುವ, ಬಾಯಿ ಅಗಲವಾದ ಗ್ಲಾಸು. ಒಳಗೆ ಗಾಢ ಕಂದು ಬಣ್ಣದ ಬಿಯರು. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕೆಂಪು ಕಾಣುತ್ತಿತ್ತು. ಮೇಲೆ ಹಾಲು ಕಾಯಿಸಿದ ಬಣ್ಣದ ನೊರೆ. "ಇದು ಬೆಲ್ಜಿಯಂ ಮಾದರಿಯದು, ಡುಬ್ಬೆಲ್ ಅಂತಾರೆ. ಕುಡೀಬೇಡ, ಮೊದಲು ಮೂಸು" ಅಂದ. ಮೂಸಿದೆ. ಬಂದದ್ದು ಗೋಧಿ ಹುಗ್ಗಿಯ ವಾಸನೆ.

ನಾನು ತಮಾಷೆಗೆ ಹೇಳುತ್ತಿಲ್ಲ. ಜವೆಗೋಧಿಯನ್ನು ಕುಟ್ಟಿ, ಬೇಯಿಸಿ, ಬೆಲ್ಲ ಹಾಕಿ ತಿರುವುವಾಗ ಪಾತ್ರೆಯ ತಳ ಒಂದಿಷ್ಟು ಹಿಡಿಯುತ್ತದಲ್ಲ, ಆ ಕರಕು ಬೆಲ್ಲದ ವಾಸನೆ. ಅದರ ಹಿಂದೆ ಒಣದ್ರಾಕ್ಷಿ, ಲವಂಗ, ಚೂರು ಬಾಳೆಹಣ್ಣು. ಬಾಯಿಗೆ ಬಿಟ್ಟರೆ ಮೊದಲು ಸಿಹಿ, ಆಮೇಲೆ ಹುರಿದ ಕಾಳು, ಗಂಟಲಿಗೆ ಇಳಿಯುವಾಗ ತೆಳುವಾದ ಕಹಿ, ಎದೆಯಲ್ಲಿ ಸಣ್ಣ ಬಿಸಿ. ಒಂದು ಗ್ಲಾಸು ಮುಗಿಸಲು ಮುಕ್ಕಾಲು ತಾಸು ಹಿಡಿಯಿತು. ಆ ಮುಕ್ಕಾಲು ತಾಸೂ ನನಗೆ ನೆನಪಾಗುತ್ತಿದ್ದವನು ನಮ್ಮ ಕಾಕಾ.

ನಾವು ಅಣ್ಣಿಗೇರಿಗೂ ನವಲಗುಂದಕ್ಕೂ ನಡುವಿನ ಒಂದು ಊರಿನವರು. ಎರೆ ಹೊಲ, ಕಡಲೆ, ಗೋಧಿ, ಜೋಳ. ಕಾಕಾ ಸಾರಾಯಿ ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿದು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳುತ್ತಿದ್ದ. ಮುಖ ಕಿವುಚಿ, ಅಂಗೈಯಲ್ಲಿಟ್ಟುಕೊಂಡ ಉಪ್ಪು ನೆಕ್ಕುತ್ತಿದ್ದ. ನೋಡುವವರಿಗೆ ಔಷಧ ಕುಡಿದ ಹಾಗೆ ಕಾಣುತ್ತಿತ್ತು. ಸಾರಾಯಿ ನಿಷೇಧವಾಗುವ ಮೂರು ವರ್ಷ ಮೊದಲೇ ತೀರಿಹೋದ. ಮೂಸಿ ಕುಡಿಯುವ ಒಂದು ಲೋಕ ಇದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನ ಕೈಗೆ ಪಾಕೀಟು ಬಂದದ್ದು, ನನ್ನ ಕೈಗೆ ಕಾಲಿನ ಗ್ಲಾಸು ಬಂದದ್ದು ಹೇಗೆ ಎಂದು ಕೇಳಿಕೊಂಡು ಹೊರಟಾಗ ನಾನು ಹಿಂದೆ ಹಿಂದೆ ಹೋಗಿ ಪಂಪನ ತನಕ ಮುಟ್ಟಬೇಕಾಯಿತು.

ಮೊದಲು ಬಿಯರಿನ ಮಾತು ಮುಗಿಸುತ್ತೇನೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಕೂಸುಗಳ ಗಂಜಿಗೆಂದು ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಬೀಸುವ ಕೆಲಸವೇ ಅದು. ಮಾಲ್ಟನ್ನು ಬಿಸಿನೀರಿನಲ್ಲಿ ಇಟ್ಟಾಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ ಯೀಸ್ಟ್ ಬೆರೆಸುತ್ತಾರೆ. ಬೆಲ್ಜಿಯಂನವರು ಇದಕ್ಕೆ ಇನ್ನೊಂದು ವಸ್ತು ಸೇರಿಸುತ್ತಾರೆ: ಕಪ್ಪಗಾಗುವ ತನಕ ಕಾಸಿದ ಸಕ್ಕರೆ ಪಾಕ. ಅವರದು ಬೀಟ್ ಗೆಡ್ಡೆಯ ಸಕ್ಕರೆ, ಕಬ್ಬಿನದಲ್ಲ. ಬಣ್ಣವೂ ಒಣದ್ರಾಕ್ಷಿಯ ರುಚಿಯೂ ಬಹುಮಟ್ಟಿಗೆ ಬರುವುದು ಆ ಪಾಕದಿಂದ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುದುಗಿಬಿಡುವುದರಿಂದ ಬಿಯರು ಖಡಕ್ಕಾದರೂ ಹೊಟ್ಟೆಗೆ ಭಾರವಲ್ಲ. ಲವಂಗವನ್ನಾಗಲಿ ಬಾಳೆಹಣ್ಣನ್ನಾಗಲಿ ಯಾರೂ ಹಾಕಿರುವುದಿಲ್ಲ. ಯೀಸ್ಟ್ ತಾನು ಹುದುಗುವಾಗ ಹುಟ್ಟಿಸುವ ವಾಸನೆಗಳು ಅವು. ಕೊರೆಯುವ ತಣ್ಣಗೆ ಕುಡಿದರೆ ಇದು ಯಾವುದೂ ಮೂಗಿಗೆ ಹತ್ತುವುದಿಲ್ಲ. ಹತ್ತು ಹನ್ನೆರಡು ಡಿಗ್ರಿಯಷ್ಟು ತಂಪಿದ್ದರೆ ಸಾಕು.

ಇದನ್ನು ಹೆಸರುವಾಸಿ ಮಾಡಿದವರು ಟ್ರಾಪಿಸ್ಟ್ ಸಂನ್ಯಾಸಿಗಳು. ಮೌನ, ಪ್ರಾರ್ಥನೆ, ಮೈಮುರಿದು ದುಡಿಯುವುದು ಇವರ ವ್ರತ. ಸಂನ್ಯಾಸಿ ತನ್ನ ಕೈಯ ದುಡಿಮೆಯಿಂದ ಬದುಕಬೇಕು ಎನ್ನುವುದು ಅವರು ಪಾಲಿಸುವ ಸಂತ ಬೆನೆಡಿಕ್ಟನ ಕಟ್ಟಳೆ. ಬೆಲ್ಜಿಯಂನ ವೆಸ್ಟ್‌ಮಾಲ್ ಮಠ 1794ರಲ್ಲಿ ಶುರುವಾಯಿತು. 1836ರಲ್ಲಿ ಅಲ್ಲಿ ಬಿಯರು ಮಾಡತೊಡಗಿದರು. 1856ರಲ್ಲಿ ಕಂದು ಬಣ್ಣದ ಬಿಯರು ಸೇರಿಕೊಂಡಿತು. 1926ರಲ್ಲಿ ಅದನ್ನು ಇನ್ನಷ್ಟು ಖಡಕ್ಕಾಗಿ ಮಾರ್ಪಡಿಸಿದರು. ಇವತ್ತು ಜಗತ್ತಿನಾದ್ಯಂತ ಡುಬ್ಬೆಲ್ ಎಂದು ಮಾಡುವುದೆಲ್ಲ ಅದರ ಪಡಿಯಚ್ಚೇ. ಸಂನ್ಯಾಸಿಗಳು ಊಟಕ್ಕೆ ತಾವು ಕುಡಿಯುವುದು ತೆಳುವಾದ ಬೇರೆ ಬಿಯರು. ಖಡಕ್ಕಾದದ್ದು ಹೊರಗಿನವರಿಗೆ. ಬಂದ ಹಣ ಮಠದ ಖರ್ಚಿಗೆ, ದಾನಧರ್ಮಕ್ಕೆ.

ಇದನ್ನು ಓದುವಾಗ ಹೆಂಡದ ಮಾರಯ್ಯ ನೆನಪಾಗದೆ ಇರುವುದಿಲ್ಲ. 12ನೇ ಶತಮಾನದ ಈ ಶರಣನ ಕಾಯಕ ಹೆಂಡ ಮಾರುವುದು. ತನ್ನ ಅಂಗಡಿಯ ವಸ್ತುಗಳನ್ನೇ ರೂಪಕ ಮಾಡಿಕೊಂಡು ವಚನ ಬರೆದ. ಶರಣರು ಅವನನ್ನು ಹೊರಗಿಡಲಿಲ್ಲ. ದುಡಿಮೆಯಲ್ಲಿ ಮೇಲುಕೀಳಿಲ್ಲ ಎನ್ನುವ ಮಾತಿಗೆ ಅವನು ಒಂದು ಕಷ್ಟದ ಪರೀಕ್ಷೆ ಆಗಿದ್ದಿರಬೇಕು.

ಆದರೆ ಕುಡಿತದ ರುಚಿಗೆ, ರೀತಿಗೆ ಕನ್ನಡದಲ್ಲಿ ಮಾತು ಹುಟ್ಟಿದ್ದು ಮಾರಯ್ಯನಿಗಿಂತ ಎರಡು ಶತಮಾನ ಮೊದಲು. ಹುಟ್ಟಿಸಿದವನು ಒಂದು ಲೆಕ್ಕದಲ್ಲಿ ನಮ್ಮೂರ ಕಡೆಯವನು. ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲದ ಶಾಸನ, ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಹೇಳುತ್ತದೆ. ಹಾಗಾಗಿ ಪಂಪ ಅಣ್ಣಿಗೇರಿಯವರಿಗೆ ಮಗಳ ಮಗ. ಅವನು 941ರಲ್ಲಿ ಮುಗಿಸಿದ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನ ದ್ವಾರಾವತಿಗೆ ಬಂದಿದ್ದಾನೆ. ಸುಭದ್ರೆಯನ್ನು ಕಂಡು ಮನಸ್ಸು ಕದಡಿ, ರಾತ್ರಿ ನಿದ್ದೆ ಬಾರದೆ ಸೂಳೆಗೇರಿಯ ಬೀದಿಯಲ್ಲಿ ನಡೆಯುತ್ತಾನೆ. ಅಲ್ಲೊಂದು ಪಾನಗೋಷ್ಠಿ ನಡೆದಿದೆ.

ಕಾಲೇಜಿನಲ್ಲಿ ಈ ಭಾಗವನ್ನು ನಮಗೆ ಹಾರಿಸಿ ಓದಿಸಿದ್ದರು. ಈಗ ಓದಿದರೆ ಅದೊಂದು ಪದಕೋಶದ ಹಾಗಿದೆ. ಮದ್ಯಗಳಲ್ಲಿ ಬಗೆಗಳಿವೆ, ಬಗೆಬಗೆಗೆ ಹೆಸರಿದೆ. ಬಟ್ಟಲುಗಳು ಗಿಳಿ, ಕೋಗಿಲೆ, ಹಂಸಗಳ ಆಕಾರದವು. ಕುಡಿಯುವ ಮೊದಲು ಮಾಡಬೇಕಾದ ಉಪಚಾರಗಳಿವೆ. ನಡುನಡುವೆ ನಂಜಿಕೊಳ್ಳುವ ತಿನಿಸಿಗೆ ಹಳಗನ್ನಡದಲ್ಲಿ 'ಚಕ್ಕಣ' ಎಂಬ ಬೇರೆಯದೇ ಮಾತಿದೆ. ಈಗ ನಾವು ಅದಕ್ಕೆ ಸೈಡ್ಸ್ ಅನ್ನುತ್ತೇವೆ. ಪಂಪ ಮದ್ಯವನ್ನು ಹೊಗಳಿ ಸುಮ್ಮನಾಗುವುದಿಲ್ಲ. ಹದ ಮೀರಿದವರ ತೊದಲು, ಜಗಳ, ಹುಚ್ಚಾಟ ಎಲ್ಲವನ್ನೂ ನಗುತ್ತಲೇ ತೋರಿಸುತ್ತಾನೆ. ಜೈನ ಮನೆತನದ ಕವಿ ಅವನು, ಮದ್ಯ ಅವನ ಧರ್ಮಕ್ಕೆ ಹೇಳಿಸಿದ್ದಲ್ಲ. ಆದರೂ ಬೀದಿಯಲ್ಲಿ ಇರುವುದನ್ನು ಇರುವಷ್ಟು ಬಗೆಯಲ್ಲಿ ನೋಡಿ, ಅದಕ್ಕೆ ಹೆಸರಿಟ್ಟು ಬರೆದ.

ಪಂಪನ ನಂತರ ಎರಡು ಶತಮಾನ ಮುಂದಕ್ಕೆ ಬಂದರೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಸಿಗುತ್ತದೆ. ಅರಸನ ಭೋಗಗಳನ್ನೆಲ್ಲ ವಿಂಗಡಿಸುವ ಈ ಪುಸ್ತಕದಲ್ಲಿ ಕುಡಿಯುವ ನೀರಿಗೂ ಒಂದು ಜಾಗವಿದೆ, ಮದ್ಯಪಾನದ ವಿನೋದಕ್ಕೂ ಒಂದು ಜಾಗವಿದೆ. ನೀರನ್ನು ಕೂಡ ರುಚಿ ನೋಡಿ ಕುಡಿಯಬೇಕು ಎಂದುಕೊಂಡಿದ್ದ ಅರಸ ಅವನು. ಅವನ ಮೊಮ್ಮಗ ನಾಲ್ಕನೆಯ ಸೋಮೇಶ್ವರ ಕಳೆದುಹೋದ ರಾಜ್ಯವನ್ನು ಮರಳಿ ಕಟ್ಟಲು ನೋಡಿದಾಗ ಅವನಿಗೆ ರಾಜಧಾನಿಯಾದದ್ದು ಇದೇ ಅಣ್ಣಿಗೇರಿ. ಅಮೃತೇಶ್ವರ ಗುಡಿಯ ಕರಿಕಲ್ಲಿನ ಕಂಬಗಳ ನಡುವೆ ಕೂತಾಗಲೆಲ್ಲ ನನಗೆ ಅನ್ನಿಸುವುದುಂಟು: ರುಚಿಯ ಬಗ್ಗೆ ಇಷ್ಟು ಮಾತು ಇದ್ದ ಸೀಮೆಯಲ್ಲಿ ನಮ್ಮ ಕಾಕಾನ ಪಾಲಿಗೆ ಉಳಿದದ್ದು 'ಏರಿತು', 'ಇಳಿಯಿತು' ಎಂಬ ಎರಡೇ ಮಾತು.

ಇಲ್ಲಿ ನಾನು ಎಚ್ಚರ ತಪ್ಪಬಾರದು. ಪಂಪನ ಪಾನಗೋಷ್ಠಿಯಾಗಲಿ ಸೋಮೇಶ್ವರನ ಭೋಗವಾಗಲಿ ಹೊಲದಲ್ಲಿ ದುಡಿಯುವವನದಲ್ಲ. ಅವನಿಗೆ ಆಗಲೂ ಹಂಸದ ಬಟ್ಟಲು ಸಿಕ್ಕಿರಲಿಕ್ಕಿಲ್ಲ. ಆದರೆ ಈಚಲು ಮರದ ಸಿಂದಿ ಇತ್ತು. ಮರದಿಂದ ಆಗಷ್ಟೇ ಇಳಿಸಿದ ಸಿಂದಿ ಸಿಹಿ, ಬಿಸಿಲೇರಿದಂತೆ ಹುಳಿ, ಸಂಜೆಗೆ ಖಡಕ್ಕು. ಬೆಳಗಿನದಕ್ಕೂ ಸಂಜೆಯದಕ್ಕೂ ಫರಕು ಗೊತ್ತಿದ್ದವನ ನಾಲಿಗೆಗೆ ಒಂದು ತರಬೇತಿ ಇತ್ತು. ಅದು ತಪ್ಪಿಹೋದದ್ದು ಒಂದೇ ಸಲಕ್ಕಲ್ಲ, ಕಾನೂನಿನ ಮೇಲೆ ಕಾನೂನು ಬಂದು.

ಮೊದಲನೆಯದು 1878ರ ಮುಂಬಯಿ ಅಬಕಾರಿ ಕಾಯ್ದೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರದಿಂದ ಸಿಂದಿ ಇಳಿಸಬೇಕೆಂದರೆ ಪರವಾನಗಿ, ಮಾರಬೇಕೆಂದರೆ ಪರವಾನಗಿ, ಭಟ್ಟಿ ಇಳಿಸುವುದಂತೂ ಸರ್ಕಾರದ ಹಿಡಿತದಲ್ಲಿ. ಕುಡಿತ ಎನ್ನುವುದು ಬೊಕ್ಕಸದ ಲೆಕ್ಕಕ್ಕೆ ಸೇರಿತು. ಬೊಕ್ಕಸಕ್ಕೆ ಬೇಕಾದದ್ದು ಬಗೆಬಗೆಯ ರುಚಿಯಲ್ಲ, ಅಳೆದು ಮಾರಬಹುದಾದ ಸರಕು. ದಿನದೊಳಗೇ ಹುಳಿಯಾಗುವ ಸಿಂದಿಗಿಂತ ಕೆಡದೆ ಉಳಿಯುವ ಸಾರಾಯಿ ಆ ಲೆಕ್ಕಕ್ಕೆ ಚೆನ್ನಾಗಿ ಒಗ್ಗುತ್ತಿತ್ತು.

ಹಾಗಾಗಿಯೇ ಸ್ವಾತಂತ್ರ್ಯ ಹೋರಾಟಕ್ಕೆ ಸಾರಾಯಿ ಅಂಗಡಿ ಒಂದು ಮುಖ್ಯ ಗುರಿಯಾಯಿತು. ಅಸಹಕಾರ ಚಳವಳಿಯ ದಿನಗಳಲ್ಲಿ, 1921ರ ಜುಲೈ 1ರಂದು, ಧಾರವಾಡದಲ್ಲಿ ಸಾರಾಯಿ ಅಂಗಡಿಯ ಮುಂದೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಖಿಲಾಫತ್ ಕಾರ್ಯಕರ್ತರು ಮೂವರು ಸತ್ತರು. ಕುಡಿತ ಬಿಡಿಸುವುದು ಮತ್ತು ಸರ್ಕಾರದ ಬೊಕ್ಕಸ ಬರಿದು ಮಾಡುವುದು ಎರಡೂ ಒಂದೇ ಕೆಲಸ ಎಂದು ಜನಕ್ಕೆ ಅರ್ಥವಾಗಿತ್ತು. ಆ ಹೆಣಗಳ ನೆನಪಿನ ಎದುರು 'ಮದ್ಯದ ರಸಾಸ್ವಾದ' ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಹಗುರವಾಗಿ ಆಡಲು ಬರುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1949ರ ಮುಂಬಯಿ ಪಾನನಿರೋಧ ಕಾಯ್ದೆ ಬಂತು. 1950ರಿಂದ ನಮ್ಮ ಕಡೆ ಕುಡಿಯುವುದೇ ಅಪರಾಧ. ದುಡ್ಡಿದ್ದವರಿಗೆ ವೈದ್ಯರ ಚೀಟಿ, ಪರ್ಮಿಟ್ಟು. ಇಲ್ಲದವರಿಗೆ ಹಳ್ಳದ ದಂಡೆಯ ಕಳ್ಳಭಟ್ಟಿ. ಕಳ್ಳಭಟ್ಟಿಗೆ ಬೇಕಾದದ್ದು ಕೊಳೆಬೆಲ್ಲ, ನವಸಾಗರ, ಕತ್ತಲೆ. ಬೆಲ್ಜಿಯಂನ ಮಠದಲ್ಲಿ ಕಾಸಿದ ಸಕ್ಕರೆ ವಾರಗಟ್ಟಲೆ ಹುದುಗಿ ಒಣದ್ರಾಕ್ಷಿಯ ರುಚಿ ಕೊಡುತ್ತಿದ್ದ ವರ್ಷಗಳಲ್ಲೇ ನಮ್ಮ ಬೆಲ್ಲಕ್ಕೆ ಬಂದ ಗತಿ ಇದು. ಪೊಲೀಸರು ಬರುವುದರೊಳಗೆ ಇಳಿಸಬೇಕು, ಪೊಲೀಸರು ಬರುವುದರೊಳಗೆ ಕುಡಿಯಬೇಕು. ಉಸಿರು ಬಿಗಿಹಿಡಿದು ಒಂದೇ ಗುಟುಕಿಗೆ ಕುಡಿಯುವ ಪದ್ಧತಿ ನಮ್ಮ ಊರುಗಳಲ್ಲಿ ಗಟ್ಟಿಯಾದದ್ದು ಆ ಕಾಲದಲ್ಲಿ ಎಂದು ನನ್ನ ಊಹೆ.

1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ಪಾನನಿರೋಧ ಹೋಯಿತು. ಹೆದರಿಕೆ ಹೋದರೂ ಅವಸರ ಹೋಗಲಿಲ್ಲ. ಸಾರಾಯಿ ಗುತ್ತಿಗೆಯ ಹರಾಜು, ಗುತ್ತಿಗೆದಾರರ ದರ್ಬಾರು, ಆಮೇಲೆ ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಪಾಕೀಟು. ದಿನಗೂಲಿಯವನ ಕಿಸೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು ಅದು.

ಬೆಲ್ಜಿಯಂನಲ್ಲಿ ನಡೆದದ್ದು ಇದರ ತಿರುಗುಮುರುಗು. ಅಲ್ಲಿಯೂ ಕೂಲಿಕಾರರು ಜೆನೆವರ್ ಎಂಬ ಸಾರಾಯಿಗೆ ಬಿದ್ದು ಹಾಳಾಗುತ್ತಿದ್ದರು. ಸಮಾಜವಾದಿ ನಾಯಕ ಎಮಿಲ್ ವಾಂಡರ್‌ವೆಲ್ಡೆ ಮಂತ್ರಿಯಾಗಿದ್ದಾಗ 1919ರಲ್ಲಿ ಒಂದು ಕಾನೂನು ತಂದ. ಪಬ್ಬು, ಕೆಫೆಗಳಲ್ಲಿ ಸಾರಾಯಿ ಕೊಡುವಂತಿಲ್ಲ. ಅಂಗಡಿಯಲ್ಲಿ ಕೊಳ್ಳುವುದಾದರೆ ಒಮ್ಮೆಗೆ ಕನಿಷ್ಠ ಎರಡು ಲೀಟರ್ ಕೊಳ್ಳಬೇಕು. ಒಂದೇ ಸಲ ಅಷ್ಟು ದುಡ್ಡು ಹಾಕಲು ಕೂಲಿಕಾರನಿಗೆ ಆಗುವುದಿಲ್ಲ ಎನ್ನುವುದೇ ಅದರ ಲೆಕ್ಕ. ಬಿಯರಿಗೆ ತಡೆ ಇರಲಿಲ್ಲ. ಖಡಕ್ಕಾದದ್ದನ್ನು ಬಯಸುವ ಬಾಯಿಗಳು ಬಿಯರಿನ ಕಡೆ ತಿರುಗಿದವು, ಬಿಯರು ಮಾಡುವವರು ಅದನ್ನು ಖಡಕ್ ಮಾಡಿದರು. ಈ ಕಂದು ಬಿಯರುಗಳು ಅಲ್ಲಿ ಬೆಳೆದು ನಿಂತದ್ದಕ್ಕೆ ಇದು ಒಂದು ಮುಖ್ಯ ಕಾರಣ. ಆ ಕಾನೂನು 1980ರ ದಶಕದವರೆಗೆ ಉಳಿಯಿತು. 2016ರಲ್ಲಿ ಯುನೆಸ್ಕೋ ಬೆಲ್ಜಿಯಂನ ಬಿಯರು ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವರ ಸರ್ಕಾರ ಬಡವನ ಕೈಗೆ ಸಾರಾಯಿ ಎಟುಕದಂತೆ ಅಳತೆಯನ್ನು ದೊಡ್ಡದು ಮಾಡಿತು. ನಮ್ಮಲ್ಲಿ ಬಡವನ ಕೈಗೆ ಎಟುಕಲೆಂದೇ ಅಳತೆ ಚಿಕ್ಕದಾಯಿತು. ಅವರಿಗೆ ಸಾರಾಯಿಯ ಬದಲು ಬಿಯರು ಎಂಬ ಇನ್ನೊಂದು ದಾರಿ ತೆರೆದಿತ್ತು. ನಮ್ಮ ಸಿಂದಿಯ ದಾರಿಯನ್ನು 1878ರಿಂದಲೇ ಇಕ್ಕಟ್ಟು ಮಾಡುತ್ತ ಬರಲಾಗಿತ್ತು. ಬೆಲ್ಜಿಯಂನವರ ನಾಲಿಗೆ ಹುಟ್ಟಿನಿಂದ ಸೂಕ್ಷ್ಮ, ನಮ್ಮವರದು ಒರಟು ಎಂದು ಯಾರಾದರೂ ಅಂದರೆ ಈ ಎರಡು ಲೆಕ್ಕಗಳನ್ನು ಅವರ ಮುಂದಿಡಬೇಕು.

ಸಾರಾಯಿಗೆ ಕರ್ನಾಟಕದಲ್ಲಿ ನಿಷೇಧ ಬಂದದ್ದು 2007ರ ಜುಲೈ 1ರಂದು. ಧಾರವಾಡದ ಗೋಲಿಬಾರಿಗೆ ಅವತ್ತಿಗೆ ಸರಿಯಾಗಿ 86 ವರ್ಷ. ಪಾಕೀಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪುಟ್ಟ ಡಬ್ಬಿ ಬಂತು. ವಿಸ್ಕಿ ಎಂದು ಬರೆದಿದ್ದರೂ ಅಂಥ ಮದ್ಯಕ್ಕೆ ಮೂಲ ಬಹಳ ಮಟ್ಟಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯೇ. ಅದೇ ಕಬ್ಬು, ಅದೇ ಅವಸರ. ಇನ್ನೊಂದು ಕಡೆ 2010ರಿಂದೀಚೆಗೆ ಬೆಂಗಳೂರಿನಲ್ಲಿ ಟಾಯ್ಟ್, ಆರ್ಬರ್ ಮೊದಲಾದ ಬ್ರೂಪಬ್ಬುಗಳು ತೆರೆದವು. ಮಾಲ್ಟು, ಯೀಸ್ಟು, ಪರಿಮಳ ಎಂದು ಮಾತಾಡುವ ಹೊಸ ಪಾನಗೋಷ್ಠಿ ಶುರುವಾಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಹಳ್ಳಿಗಳ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಅವರು ಬಂದು ಮುಟ್ಟಿದ ಊರೂ ನಾನು ಗ್ಲಾಸು ಮೂಸಿದ ಊರೂ ಒಂದೇ. ನನ್ನ ಒಂದು ಗ್ಲಾಸಿನ ಬೆಲೆ ನಮ್ಮೂರಲ್ಲಿ ಕಳೆ ತೆಗೆಯುವ ಹೆಣ್ಣಾಳಿನ ಒಂದು ದಿನದ ಕೂಲಿಗಿಂತ ಹೆಚ್ಚು. ಈ ಬಿಯರಿನ ರುಚಿಯನ್ನು ಬರೆಯುವಾಗ ಇದನ್ನೂ ಬರೆಯದೆ ಬಿಟ್ಟರೆ ಬರಹ ಅರ್ಧ ಸುಳ್ಳಾಗುತ್ತದೆ.

ಹಾಗಂತ ರುಚಿ ನೋಡುವುದೇ ಶೋಕಿ ಎನ್ನಲು ನನಗೆ ಮನಸ್ಸಿಲ್ಲ. ಸವಿಯುವುದಕ್ಕೆ ಕಲಿಕೆ ಬೇಕು, ತಾಳ್ಮೆ ಬೇಕು ಎಂಬುದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಗೀರ ವಾಡೆಯಲ್ಲಿ ಬೆಳತನಕ ಹಾಡುಗಾರಿಕೆ ನಡೆಯುತ್ತದೆ. ಧೋತರ ಉಟ್ಟ ರೈತರು ಗೋಡೆಗೆ ಒರಗಿ ಕೂತು, ಒಂದು ಸ್ವರದ ಮೇಲೆ ಹಾಡುವವರು ನಿಂತಾಗ ತಲೆದೂಗುವುದನ್ನು ನಾನು ಕಂಡಿದ್ದೇನೆ. ಇಂಥ ಸೀಮೆಯವರಿಗೆ ನಿಧಾನ ಎನ್ನುವುದು ಹೊರಗಿನಿಂದ ಬಂದ ಮಾತಲ್ಲ.

ಈ ಸಲ ಊರಿಗೆ ಹೋದಾಗ ಕಾಕಾನ ಮಗಳು, ನನ್ನ ತಂಗಿ, ಹುಗ್ಗಿ ಮಾಡಿದ್ದಳು. ಪಾತ್ರೆಯ ತಳ ಹಿಡಿದಿತ್ತು. ನಾನು ಆ ಬಿಯರಿನ ವಿಷಯ ತೆಗೆದೆ, ಅದಕ್ಕೂ ಹುಗ್ಗಿಗೂ ಇರುವ ವಾಸನೆಯ ನಂಟು ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಅವಳು ಸವಟು ಇಳಿಸಿ ಒಂದು ಗಳಿಗೆ ಸುಮ್ಮನಿದ್ದಳು.

"ಅಣ್ಣಾ, ನಮ್ಮಪ್ಪ ಕುಡಿಯೂದನ್ನ ಅಷ್ಟು ವರ್ಷ ನೋಡೀನಿ. ಒಂದ್ ದಿನಾನೂ ಅದರ ರುಚಿ ಬಗ್ಗೆ ಒಂದ್ ಮಾತಾಡಿದ್ದಿಲ್ಲ. ಆದ್ರ ಬೆಲ್ಲ ಇತ್ತಲ್ಲ, ಒಂದ್ ಚೂರು ನಾಲಿಗಿ ಮ್ಯಾಲೆ ಇಟ್ಟಗೊಂಡ ಕೂಡ್ಲೆ ಹೇಳ್ತಿದ್ದ. ಇದು ಕಲಘಟಗಿ ಕಡೀದು, ಇದು ಆಚೀ ಕಡೀದು, ಇದಕ್ಕ ಸುಣ್ಣ ಹೆಚ್ಚಾಗೇತಿ, ಇದನ್ನ ಕೊಪ್ಪರಿಗಿಯಿಂದ ತಡಾ ಮಾಡಿ ಇಳಿಸ್ಯಾರ ಅಂತ. ಸಂತ್ಯಾಗ ಜನ ಅಪ್ಪನ್ನ ಕರಕೊಂಡ ಹೋಗ್ತಿದ್ರು, ಬೆಲ್ಲ ನೋಡಿ ಕೊಡಾಕ."

ನನಗೆ ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಬೆಳೆದವನು ನಾನು, ಕಾಕಾನ ಪಾಕೀಟನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಗಾಣದ ಮನೆಯ ಉರಿ ಎಷ್ಟಿತ್ತು ಎನ್ನುವುದನ್ನು ಒಂದು ಚೂರು ಬೆಲ್ಲದಲ್ಲಿ ಹಿಡಿಯುತ್ತಿದ್ದ ನಾಲಿಗೆ ಅದು. ಅದರ ಮೇಲೆ ಏನೂ ನಿಲ್ಲದ ಹಾಗೆ ಸುರಿದುಕೊಳ್ಳುವುದನ್ನು ಅವನು ಕಲಿಯಬೇಕಾಗಿ ಬಂತು.

ತಂಗಿ ಹುಗ್ಗಿ ಬಡಿಸಿ ಎದುರಿಗೆ ಕೂತು, "ಹೆಂಗಾಗೇತಿ, ಹೇಳು" ಅಂದಳು. ಚಲೋ ಆಗೇತಿ ಎಂದಷ್ಟೇ ಹೇಳಿ ಉಣ್ಣುವ ರೂಢಿ ನನ್ನದು. ಅವತ್ತು ಹಾಗೆ ಮಾಡಲಿಲ್ಲ. ತುತ್ತು ಬಾಯಲ್ಲಿಟ್ಟುಕೊಂಡು ಯೋಚಿಸಿದೆ. ಬೆಲ್ಲ ಮುಂದಾಗಿದೆ, ಜಾಜಿಕಾಯಿ ಹಿಂದೆ ಉಳಿದಿದೆ, ಗೋಧಿ ಇನ್ನೊಂದು ಕುದಿ ಬೇಯಬೇಕಿತ್ತು, ತಳದ ಕರಕು ಮಾತ್ರ ಹದವಾಗಿದೆ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟು ನೋಡಿ, "ಹೌದು, ಗೋಧಿ ಬೇಯಬೇಕಾಗಿತ್ತು" ಅಂದಳು.